ಸೇಬಿನ ವಿನೆಗರ್: ಮೊದಲು ಮುಚ್ಚಿಡಿ, ಆಮೇಲೆ ಗಾಳಿಗೆ ಬಿಡಿ

ಮನೆಯಲ್ಲಿ ಮಾಡಿದ ಸೇಬಿನ ವಿನೆಗರ್ ಕೈಕೊಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ಎರಡು ಬೇರೆ ಬೇರೆ ಕೆಲಸಗಳನ್ನು ಒಂದೇ ಸಲ, ಒಂದೇ ಜಾಡಿಯಲ್ಲಿ ಮುಗಿಸಲು ಹೊರಡುತ್ತೇವೆ. ಹಣ್ಣಿನ ಸಕ್ಕರೆ ನೇರವಾಗಿ ವಿನೆಗರ್ ಆಗುವುದಿಲ್ಲ. ಮೊದಲು ಯೀಸ್ಟ್ ಆ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮಾಡುತ್ತದೆ. ಅದಕ್ಕೆ ಗಾಳಿ ಬೇಕಿಲ್ಲ. ಆಮೇಲೆ ಅಸಿಟೋಬ್ಯಾಕ್ಟರ್ ಜಾತಿಯ ಬ್ಯಾಕ್ಟೀರಿಯಾಗಳು ಆ ಆಲ್ಕೋಹಾಲನ್ನು ಅಸಿಟಿಕ್ ಆಮ್ಲವಾಗಿಸುತ್ತವೆ. ಇವಕ್ಕೆ ಗಾಳಿ ಬೇಕೇ ಬೇಕು. ಈ ವ್ಯತ್ಯಾಸ ಮನಸ್ಸಿನಲ್ಲಿದ್ದರೆ ಮುಂದಿನ ಪ್ರತಿ ಹೆಜ್ಜೆಯೂ ತಾನಾಗಿ ಅರ್ಥವಾಗುತ್ತದೆ.

ಅಳತೆ, ಪಾತ್ರೆ

ಒಂದು ಸಲಕ್ಕೆ ಬೇಕಾಗುವುದು ಇಷ್ಟು: 1 ಕೆ.ಜಿ. ಸೇಬು, 1 ಲೀಟರ್ ಕುದಿಸಿ ಆರಿಸಿದ ನೀರು, 100 ಗ್ರಾಂ ಸಕ್ಕರೆ, 3 ಲೀಟರ್ ಹಿಡಿಯುವ ಅಗಲ ಬಾಯಿಯ ಗಾಜಿನ ಜಾಡಿ, ಒತ್ತಾಗಿ ನೇಯ್ದ ತೆಳು ಬಟ್ಟೆ ಮತ್ತು ಒಂದು ರಬ್ಬರ್ ಬ್ಯಾಂಡ್. ಎರಡನೇ ಹಂತಕ್ಕೆ ಸುಮಾರು 400 ಮಿ.ಲೀ. ಕಾಯಿಸದ, ತಳದಲ್ಲಿ ಮಡ್ಡಿ ಇರುವ ಸೇಬಿನ ವಿನೆಗರ್ ಹೆಪ್ಪಾಗಿ ಬೇಕು. ಅಲ್ಯೂಮಿನಿಯಂ, ತಾಮ್ರ, ಕಬ್ಬಿಣದ ಪಾತ್ರೆ ಬೇಡ. ಹುಳಿ ಲೋಹವನ್ನು ತಿನ್ನುತ್ತದೆ, ಲೋಹ ವಿನೆಗರ್‌ಗೆ ಇಳಿಯುತ್ತದೆ.

ಸಕ್ಕರೆಯ ಲೆಕ್ಕದಲ್ಲಿ ಸ್ವಲ್ಪ ನಿಲ್ಲಬೇಕು. ವಿನೆಗರ್ ಎಷ್ಟು ಹುಳಿಯಾಗುತ್ತದೆ ಎನ್ನುವುದನ್ನು ಕಾಯುವ ದಿನಗಳಿಗಿಂತ ಮೊದಲು ಹಾಕಿದ ಸಕ್ಕರೆಯೇ ನಿರ್ಧರಿಸುತ್ತದೆ. 2 ಗ್ರಾಂ ಸಕ್ಕರೆಯಿಂದ ಸುಮಾರು 1 ಗ್ರಾಂ ಆಲ್ಕೋಹಾಲ್ ಸಿಗುತ್ತದೆ. ಲೀಟರಿಗೆ 100 ಗ್ರಾಂ ಸಕ್ಕರೆ ಇದ್ದರೆ ಶೇ 6ರ ಹತ್ತಿರ ಆಲ್ಕೋಹಾಲ್, ಅದರಿಂದ ಶೇ 5ರ ಆಸುಪಾಸಿನ ಹುಳಿ. ಒಂದು ಕಿಲೋ ಸೇಬಿನಲ್ಲೇ ಸುಮಾರು 100 ಗ್ರಾಂ ಸಕ್ಕರೆ ಇರುತ್ತದೆ. ನಾವು ಸುರಿಯುವ ಒಂದು ಲೀಟರ್ ನೀರು ಆ ಸಿಹಿಯನ್ನು ತೆಳುವಾಗಿಸುತ್ತದೆ. ಹೊರಗಿನಿಂದ ಹಾಕುವ 100 ಗ್ರಾಂ ಆ ಕೊರತೆ ತುಂಬಲು. ಬರೀ ಸಿಪ್ಪೆ ಮತ್ತು ಮಧ್ಯದ ಭಾಗದಿಂದ ಮಾಡುವ ವಿಧಾನದಲ್ಲಿ ಒಂದು ಕಪ್ ನೀರಿಗೆ ಒಂದು ದೊಡ್ಡ ಚಮಚ ಸಕ್ಕರೆ ಹಾಕುವ ರೂಢಿಯಿದೆ. ಅದು ಲೀಟರಿಗೆ 50 ಗ್ರಾಂ ಮಾತ್ರ. ಅಂಥದ್ದು ಎಷ್ಟು ತಿಂಗಳು ಇಟ್ಟರೂ ಶೇ 3ರಷ್ಟು ಹುಳಿ ಮುಟ್ಟುವುದು ಕಷ್ಟ, ಬೂಷ್ಟು ಹಿಡಿಯುವುದೂ ಬೇಗ. ಸಿಪ್ಪೆಯಿಂದಲೇ ಮಾಡುವುದಾದರೂ ಲೀಟರಿಗೆ 100 ಗ್ರಾಂ ಹಾಕಿ. ಇಷ್ಟು ಸಕ್ಕರೆಯೇ ಎಂಬ ಹಿಂಜರಿಕೆ ಬೇಡ, ಕೆಲಸ ಮುಗಿಯುವಾಗ ಅದರಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ.

ಮೊದಲ ಹಂತ: ಸಕ್ಕರೆಯಿಂದ ಆಲ್ಕೋಹಾಲ್

ಸೇಬನ್ನು ಚೆನ್ನಾಗಿ ತೊಳೆಯಿರಿ. ಹುಳುಕು, ಕೊಳೆತ ಭಾಗ ಇದ್ದರೆ ಧಾರಾಳವಾಗಿ ಕತ್ತರಿಸಿ ತೆಗೆಯಿರಿ. ಅರ್ಧಕ್ಕರ್ಧ ಕೊಳೆತ ಹಣ್ಣನ್ನು ಪೂರ್ತಿ ಬಿಟ್ಟುಬಿಡುವುದೇ ಸರಿ, ಏಕೆಂದರೆ ಕೊಳೆತ ಸೇಬಿನ ಬೂಷ್ಟಿನಲ್ಲಿ ಪ್ಯಾಟುಲಿನ್ ಎಂಬ ವಿಷ ಇರಬಹುದು. ಸಿಪ್ಪೆ ತೆಗೆಯಬೇಡಿ, ಕಾಡು ಯೀಸ್ಟ್ ಇರುವುದು ಅದರ ಮೇಲೆಯೇ. ಸಣ್ಣಗೆ ಹೆಚ್ಚಿ, ಅಥವಾ ತುರಿದರೆ ಇನ್ನೂ ಒಳ್ಳೆಯದು. ಬಿಸಿನೀರಿನಲ್ಲಿ ತೊಳೆದು ಒಣಗಿಸಿದ ಜಾಡಿಗೆ ಹಾಕಿ, ಸಕ್ಕರೆ ಕರಗಿಸಿದ ನೀರು ಸುರಿಯಿರಿ. ಮೇಲೆ ನಾಲ್ಕು ಬೆರಳಿನಷ್ಟಾದರೂ ಜಾಗ ಖಾಲಿ ಇರಲಿ.

ಮುಚ್ಚಳವನ್ನು ಸಡಿಲವಾಗಿ ಇಡಿ, ತಿರುಗಿಸಿ ಬಿಗಿ ಮಾಡಬೇಡಿ. ಜಾಡಿಯಲ್ಲಿರುವ ಒಟ್ಟು 200 ಗ್ರಾಂ ಸಕ್ಕರೆ ಹುದುಗಿದಾಗ ಸುಮಾರು 50 ಲೀಟರ್ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಬಿಗಿಯಾಗಿ ಮುಚ್ಚಿದರೆ ಗಾಜು ಒಡೆಯುವುದು ಖಂಡಿತ. ಸಡಿಲ ಮುಚ್ಚಳದಡಿ ಅದೇ ಅನಿಲ ಹಣ್ಣಿನ ಮೇಲೆ ಹೊದಿಕೆಯಂತೆ ನಿಂತು ಹೊರಗಿನ ಗಾಳಿಯನ್ನು ತಡೆಯುತ್ತದೆ.

20ರಿಂದ 25 ಡಿಗ್ರಿ ಸೆಲ್ಸಿಯಸ್ ಯೀಸ್ಟ್‌ಗೆ ಹಿತ. ಎರಡು ಮೂರು ದಿನದಲ್ಲಿ ಗುಳ್ಳೆ ಏಳುತ್ತವೆ, ಹಣ್ಣು ಮೇಲಕ್ಕೆ ತೇಲಿ ದಪ್ಪ ಪದರವಾಗುತ್ತದೆ. ಬೂಷ್ಟು ಹಿಡಿಯುವುದು ಇದೇ ಪದರಕ್ಕೆ. ಆದ್ದರಿಂದ ದಿನಕ್ಕೆ ಎರಡು ಸಲ ಮರದ ಸೌಟಿನಿಂದ ಅದನ್ನು ಒಳಗೆ ಅದುಮಿ ಕಲಕಲೇಬೇಕು. ಒಂದು ದಿನ ಮರೆತರೂ ಮೇಲಿನ ತುಂಡುಗಳು ಒಣಗತೊಡಗುತ್ತವೆ. ಮೂರನೇ ದಿನವೂ ಗುಳ್ಳೆ ಕಾಣದಿದ್ದರೆ ಕಾಲು ಟೀ ಚಮಚ ಬ್ರೆಡ್ ಯೀಸ್ಟನ್ನು ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ನೆನೆಸಿ ಸೇರಿಸಿ. ಹಣ್ಣಿನ ಬದಲು ಡಬ್ಬದ ರಸ ಬಳಸುವವರು ಪಟ್ಟಿ ಓದಿಕೊಳ್ಳಿ. ಪೊಟ್ಯಾಸಿಯಂ ಸಾರ್ಬೇಟ್ ಅಥವಾ ಸೋಡಿಯಂ ಬೆಂಜೊಯೇಟ್ ಹಾಕಿದ ರಸ ಹುದುಗುವುದು ಕಷ್ಟ, ಯೀಸ್ಟನ್ನು ತಡೆಯಲೆಂದೇ ಅವನ್ನು ಹಾಕಿರುತ್ತಾರೆ.

ಹತ್ತರಿಂದ ಹದಿನಾಲ್ಕು ದಿನದಲ್ಲಿ ಗುಳ್ಳೆ ನಿಂತು ಹಣ್ಣು ಕೆಳಗಿಳಿಯುತ್ತದೆ. ಒಂದು ಹನಿ ನಾಲಿಗೆಗೆ ಹಚ್ಚಿ ನೋಡಿ. ಸಿಹಿ ಇದ್ದರೆ ಇನ್ನೂ ನಾಲ್ಕು ದಿನ ಬಿಡಿ. ಸಿಹಿ ಪೂರ್ತಿ ಹೋಗಿ ಒಗರು ಉಳಿದಿದ್ದರೆ ಬಟ್ಟೆಯಲ್ಲಿ ಸೋಸಿ ಹಿಂಡಿ. ಸುಮಾರು ಒಂದೂವರೆ ಲೀಟರಿಗಿಂತ ಸ್ವಲ್ಪ ಹೆಚ್ಚು ದ್ರವ ಸಿಗುತ್ತದೆ.

ಎರಡನೇ ಹಂತ: ಆಲ್ಕೋಹಾಲಿನಿಂದ ಹುಳಿ

ಹೆಪ್ಪಿನ ವಿನೆಗರ್ ಸೇರಿಸುವುದು ಈಗ. ಮೊದಲ ದಿನವೇ ಹಾಕಿದರೆ ಬೇಗ ಆಗುತ್ತದೆ ಎಂದು ಬಹಳ ಜನ ಭಾವಿಸುತ್ತಾರೆ. ಆಗುವುದು ಉಲ್ಟಾ: ಅಸಿಟಿಕ್ ಆಮ್ಲ ಯೀಸ್ಟಿನ ಕೈಕಟ್ಟುತ್ತದೆ, ಸಕ್ಕರೆ ಅರ್ಧದಲ್ಲೇ ಉಳಿಯುತ್ತದೆ, ಕೊನೆಗೆ ಸಿಹಿಯೂ ಅಲ್ಲದ ಹುಳಿಯೂ ಅಲ್ಲದ ನೀರು ಕೈಗೆ ಬರುತ್ತದೆ. ಸೋಸಿದ ನಾಲ್ಕು ಪಾಲಿಗೆ ಒಂದು ಪಾಲು ಹೆಪ್ಪು ಹಾಕಿ. ಇದರಿಂದ ಬ್ಯಾಕ್ಟೀರಿಯಾ ಸಿಗುವುದಲ್ಲದೆ ಶುರುವಿನಲ್ಲೇ ಶೇ 1ರಷ್ಟು ಹುಳಿ ಬಂದು ಬೂಷ್ಟಿಗೆ ದಾರಿ ಮುಚ್ಚುತ್ತದೆ.

ಜಾಡಿಯನ್ನು ಕುತ್ತಿಗೆಯವರೆಗೆ ತುಂಬಬೇಡಿ. ಅದು ಅಗಲವಾಗಿರುವ ಕಡೆಗೇ ನಿಲ್ಲಿಸಿ. ಆಮ್ಲಜನಕ ಒಳಗಿಳಿಯುವುದು ಮೇಲ್ಮೈಯಿಂದ ಮಾತ್ರ. ಕಿರಿದಾದ ಕುತ್ತಿಗೆಯಲ್ಲಿ ಮೇಲ್ಮೈ ಚಿಕ್ಕದಾಗಿ ಎರಡು ತಿಂಗಳ ಕೆಲಸ ನಾಲ್ಕು ತಿಂಗಳಾಗುತ್ತದೆ. ಮುಚ್ಚಳ ತೆಗೆದಿಟ್ಟು ಬಟ್ಟೆ ಕಟ್ಟಿ. ನೇಯ್ಗೆ ಒತ್ತಾಗಿರಬೇಕು, ಜಾಳು ಬಟ್ಟೆಯಾದರೆ ಹಣ್ಣಿನ ನೊಣ ಒಳಗೆ ತೂರಿ ಮೊಟ್ಟೆ ಇಡುತ್ತದೆ. 25ರಿಂದ 30 ಡಿಗ್ರಿ ಇರುವ, ಬಿಸಿಲು ಬೀಳದ ಮೂಲೆಯಲ್ಲಿಟ್ಟು ಇನ್ನು ಅಲುಗಾಡಿಸದೆ ಬಿಡಿ. 15 ಡಿಗ್ರಿಗಿಂತ ಕೆಳಗಾದರೆ ಕೆಲಸ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ.

ಒಂದು ವಾರದ ಹೊತ್ತಿಗೆ ಮೇಲ್ಮೈಯ ಹೊಳಪು ಮಾಸುತ್ತದೆ, ಕನ್ನಡಿಯ ಮೇಲೆ ಉಸಿರು ಬಿಟ್ಟಂತೆ. ಆಮೇಲೆ ಅದೇ ಪೊರೆಯಾಗಿ, ಜಾರುವ ಅರೆಪಾರದರ್ಶಕ ಬಿಲ್ಲೆಯಾಗಿ ದಪ್ಪವಾಗುತ್ತದೆ. ಇದೇ ಮದರ್, ಅಂದರೆ ಬ್ಯಾಕ್ಟೀರಿಯಾಗಳು ನೇಯ್ದ ಸೆಲ್ಯುಲೋಸ್ ಹಾಸು. ಲೂಯಿ ಪಾಸ್ಚರ್ 1860ರ ದಶಕದಲ್ಲಿ ತೋರಿಸಿಕೊಟ್ಟದ್ದೂ ಇದನ್ನೇ, ವೈನನ್ನು ಹುಳಿಯಾಗಿಸುವುದು ಮೇಲೆ ತೇಲುವ ಈ ಪೊರೆಯ ಜೀವಿಗಳು ಎಂದು. ಜಾಡಿ ಅಲುಗಿದರೆ ಪೊರೆ ಮುಳುಗುತ್ತದೆ. ಮುಳುಗಿದ್ದು ಕೆಲಸ ಮಾಡದು, ಹೊಸದು ಕಟ್ಟುವವರೆಗೆ ಕಾಯಬೇಕಾಗುತ್ತದೆ. ಕೆಲವು ಸಲ ದಪ್ಪ ಮದರ್ ಕಟ್ಟುವುದೇ ಇಲ್ಲ. ವಾಸನೆ ಚುರುಕಾಗುತ್ತಿದ್ದರೆ ಅದಕ್ಕೆ ಚಿಂತೆ ಬೇಡ.

ತಪ್ಪುವುದು ಎಲ್ಲಿ

ಮೇಲೆ ಬಿಳಿ, ಒಣ, ಸುಕ್ಕುಗಟ್ಟಿದ ಪದರ ಬಂದರೆ ಅದು ಕಾಮ್ ಯೀಸ್ಟ್. ಅಪಾಯವಿಲ್ಲ, ರುಚಿ ಮಾತ್ರ ಮಂಕಾಗುತ್ತದೆ. ಅದನ್ನು ಎತ್ತಿ ತೆಗೆದು ಇನ್ನಷ್ಟು ಹೆಪ್ಪು ಹಾಕಿ. ನೂಲುನೂಲಾದ, ಹಸಿರು, ಕಪ್ಪು ಅಥವಾ ಬೂದುಬಣ್ಣದ ಚುಕ್ಕೆ ಕಂಡರೆ ಅದು ಬೂಷ್ಟು. ಮೇಲಿನದನ್ನಷ್ಟೇ ತೆಗೆದು ಉಳಿಸಿಕೊಳ್ಳುವ ಆಸೆ ಬೇಡ, ಪೂರ್ತಿ ಚೆಲ್ಲಿ. ಮೊದಲ ಹಂತದಲ್ಲಿ ಕೊಳೆತ ಮೊಟ್ಟೆಯ ವಾಸನೆ ಬಂದರೆ ಯೀಸ್ಟ್ ಬಳಲಿದೆ ಎಂದರ್ಥ. ಚೆನ್ನಾಗಿ ಕಲಕಿದರೆ ಸಾಮಾನ್ಯವಾಗಿ ಹೋಗುತ್ತದೆ. ಎರಡನೇ ಹಂತದಲ್ಲಿ ನೇಲ್ ಪಾಲಿಶ್ ತೆಗೆಯುವ ದ್ರವದಂಥ ವಾಸನೆ ಬರುವುದು ಈಥೈಲ್ ಅಸಿಟೇಟ್‌ನಿಂದ. ಗಾಳಿ ಸಾಲದಿದ್ದಾಗ ಹೆಚ್ಚುತ್ತದೆ, ಇನ್ನೂ ಅಗಲದ ಜಾಡಿಗೆ ಬಗ್ಗಿಸಿದರೆ ಬರಬರುತ್ತಾ ಇಳಿಯುತ್ತದೆ.

ಆಯಿತೆಂದು ತಿಳಿಯುವುದು ಹೇಗೆ

ಆರನೇ ವಾರದಿಂದ ವಾರಕ್ಕೊಮ್ಮೆ, ಪೊರೆಯ ಅಂಚಿನಿಂದ ಸ್ಟ್ರಾ ಇಳಿಸಿ ಸ್ವಲ್ಪ ತೆಗೆದು ರುಚಿ ನೋಡಿ. ಹೆಂಡದ ವಾಸನೆ ಪೂರ್ತಿ ಹೋಗಿ, ಗಂಟಲು ಹಿಡಿಯುವ ಹುಳಿ ಬಂದು, ಎರಡು ವಾರ ಹಾಗೆಯೇ ನಿಂತರೆ ಮುಗಿಯಿತು. ಪಿಎಚ್ ಪಟ್ಟಿ ನಂಬಿ ತೀರ್ಮಾನಿಸಬೇಡಿ. ಅದು ಪಿಎಚ್ 3 ತೋರಿಸಿದರೂ ಆಮ್ಲ ಶೇ 2 ಇರಬಹುದು, ಶೇ 5 ಇರಬಹುದು. ಆಮ್ಲದ ಪ್ರಮಾಣ ಖಚಿತವಾಗಿ ತಿಳಿಯಲು ಟೈಟ್ರೇಷನ್ ಕಿಟ್ ಬೇಕು. ಆ ಅಳತೆ ಇಲ್ಲದ ಮನೆಯ ವಿನೆಗರನ್ನು ಡಬ್ಬಿ ಕಟ್ಟಿ ತಿಂಗಳುಗಟ್ಟಲೆ ಹೊರಗಿಡುವ ಪದಾರ್ಥಕ್ಕೆ ಬಳಸಬೇಡಿ. ಅಲ್ಲಿ ಹುಳಿ ಕಡಿಮೆಯಾದರೆ ಪ್ರಾಣಕ್ಕೇ ಅಪಾಯ.

ಮುಗಿದ ಮೇಲೆ ತಡಮಾಡುವುದೂ ತಪ್ಪೇ. ಆಲ್ಕೋಹಾಲ್ ಖಾಲಿಯಾದಾಗ ಅದೇ ಬ್ಯಾಕ್ಟೀರಿಯಾಗಳು ಅಸಿಟಿಕ್ ಆಮ್ಲವನ್ನೇ ತಿನ್ನತೊಡಗಿ, ಅದನ್ನು ನೀರು ಮತ್ತು ಇಂಗಾಲದ ಡೈಆಕ್ಸೈಡ್ ಮಾಡಿಬಿಡುತ್ತವೆ. ತಿಂಗಳುಗಟ್ಟಲೆ ಕಾದ ವಿನೆಗರ್ ಸಪ್ಪೆಯಾಗುವುದು ಹೀಗೆ. ಸೋಸಿ, ಸಣ್ಣ ಬಾಯಿಯ ಗಾಜಿನ ಬಾಟಲಿಗೆ ಅಂಚಿನವರೆಗೆ ತುಂಬಿ, ಲೋಹವಲ್ಲದ ಬಿರಡೆಯಿಂದ ಬಿಗಿಯಾಗಿ ಮುಚ್ಚಿ. ಮದರ್ ಮತ್ತೆ ಬೆಳೆಯಬಾರದೆಂದಿದ್ದರೆ 60–65 ಡಿಗ್ರಿಗೆ ಹತ್ತು ನಿಮಿಷ ಕಾಯಿಸಿ ತುಂಬಿದರಾಯಿತು. ಒಂದೆರಡು ತಿಂಗಳು ಕತ್ತಲೆಯಲ್ಲಿಟ್ಟರೆ ಹುಳಿಯ ಚೂಪು ಮೆತ್ತಗಾಗುತ್ತದೆ, ಗಸಿ ತಳಕ್ಕಿಳಿದು ಮೇಲಿನದು ತಿಳಿಯಾಗುತ್ತದೆ.

ಕುಡಿಯುವವರು ಒಂದು ದೊಡ್ಡ ಚಮಚವನ್ನು ದೊಡ್ಡ ಲೋಟ ನೀರಿಗೆ ಬೆರೆಸಿಯೇ ಕುಡಿಯಬೇಕು. ನೇರವಾಗಿ ಕುಡಿದರೆ ಹಲ್ಲಿನ ಎನಾಮಲ್ ಸವೆಯುತ್ತದೆ, ಗಂಟಲು ಸುಡುತ್ತದೆ. ಮಧುಮೇಹದ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಮೊದಲು ವೈದ್ಯರನ್ನು ಕೇಳಲಿ.

ಮುಂದಿನ ಸಲಕ್ಕೆ ಹೆಪ್ಪು ಹೊರಗಿನಿಂದ ತರಬೇಕಿಲ್ಲ. ಮುಕ್ಕಾಲು ಪಾಲು ವಿನೆಗರ್ ತೆಗೆದುಕೊಂಡು, ಕಾಲು ಪಾಲನ್ನು ಮದರ್ ಸಮೇತ ಜಾಡಿಯಲ್ಲೇ ಬಿಡಿ. ಸಿಹಿ ಪೂರ್ತಿ ಹೋದ ಹೊಸ ಸೇಬಿನ ದ್ರವವನ್ನು ಉದ್ದ ಕೊಳವೆಯ ಆಲಿಕೆಯಿಂದ ಪೊರೆಯ ಅಡಿಗೆ ನಿಧಾನವಾಗಿ ಇಳಿಸಿ, ಪೊರೆ ತೇಲುತ್ತಲೇ ಇರುವಂತೆ. ಕಟ್ಟಿದ ಪೊರೆ ಸಿದ್ಧವಾಗಿರುವುದರಿಂದ ಎರಡನೇ ಸಲದ್ದು ಮೊದಲಿನದಕ್ಕಿಂತ ಬೇಗ ಹುಳಿಯಾಗುತ್ತದೆ.