ಕೆನಡಾ ಪಿಆರ್: ಅಂಕ ಸೋರುವುದು ಎಲ್ಲಿ?

ಕೆನಡಾ ಪಿಆರ್‌ಗೆ (ಅಲ್ಲಿ ಕಾಯಂ ಆಗಿ ನೆಲೆಸುವ ಅನುಮತಿ) 67 ಅಂಕ ಸಾಕು ಎಂದು ಏಜೆಂಟ್ ಹೇಳಿದರೆ ಅರ್ಧ ಮಾತ್ರ ನಂಬಿ. ನುರಿತ ಕೆಲಸಗಾರರಿಗೆ ಇರುವ ಫೆಡರಲ್ ಸ್ಕಿಲ್ಡ್ ವರ್ಕರ್ ವಿಭಾಗದಲ್ಲಿ ನೂರಕ್ಕೆ 67 ಬಂದರೆ ಸಾಲಿನಲ್ಲಿ ನಿಲ್ಲಬಹುದು, ಅಷ್ಟೇ. ಸಾಲಿನಲ್ಲಿ ಯಾರು ಮುಂದೆ ಎಂದು ತೀರ್ಮಾನಿಸುವುದು 1200 ಅಂಕಗಳ ಸಿಆರ್‌ಎಸ್ ಎಂಬ ಇನ್ನೊಂದು ಲೆಕ್ಕ. ಸಿಇಟಿಯಲ್ಲಿ ರ್‍ಯಾಂಕ್ ಬಂದವರಿಗೆಲ್ಲ ಸೀಟು ಸಿಗಲ್ಲ, ಅಲ್ವಾ? ಹಾಗೆಯೇ.

ಸಿಆರ್‌ಎಸ್‌ನಲ್ಲಿ ಮೊದಲು ವಯಸ್ಸು ನೋಡಿಕೊಳ್ಳಿ. ಒಂಟಿಯಾಗಿ ಅರ್ಜಿ ಹಾಕುವವರಿಗೆ 20ರಿಂದ 29ರವರೆಗೆ 110 ಅಂಕ. 35ಕ್ಕೆ 77. 45ಕ್ಕೆ ಸೊನ್ನೆ.

ಆಮೇಲೆ ಓದು. ವಿಟಿಯು ಬಿಇ ಇದ್ದರೂ ಅದು ಕೆನಡಾದ ಯಾವ ಪದವಿಗೆ ಸಮ ಎಂದು ಡಬ್ಲ್ಯುಇಎಸ್‌ನಂಥ ಮಾನ್ಯ ಸಂಸ್ಥೆಯಿಂದ ಇಸಿಎ (ಓದಿನ ಮೌಲ್ಯಮಾಪನ) ವರದಿ ಬೇಕು. ಟ್ರಾನ್ಸ್‌ಕ್ರಿಪ್ಟ್‌ಗೆ ಓಡಾಟ ಇದ್ದೇ ಇರುತ್ತದೆ, ಇದನ್ನು ಬೇಗ ಶುರು ಮಾಡಿ.

ಮೂರನೆಯದು ಇಂಗ್ಲಿಷ್ ಪರೀಕ್ಷೆ, ಐಇಎಲ್‌ಟಿಎಸ್ ಜನರಲ್. ಅಂಕ ಸೋರುವುದು ಇಲ್ಲೇ. ಲಿಸನಿಂಗ್ 8, ಉಳಿದ ಮೂರರಲ್ಲಿ ತಲಾ 7 ಬಂದರೆ ಕೆನಡಾದ ಭಾಷಾ ಮಟ್ಟದ ಅಳತೆಯಲ್ಲಿ ನೀವು ಸಿಎಲ್‌ಬಿ 9. ರೈಟಿಂಗ್ ಒಂದರಲ್ಲಿ 6.5 ಬಂತು ಅನ್ನಿ. ಒಂಟಿಯಾಗಿ ಅರ್ಜಿ ಹಾಕುವವರಿಗೆ ಅಲ್ಲಿ ನೇರವಾಗಿ ಹೋಗುವುದು 8 ಅಂಕ. ಆದರೆ ಓದು ಮತ್ತು ಅನುಭವವನ್ನು ಭಾಷೆಯ ಜೊತೆ ಸೇರಿಸಿ ಕೊಡುವ ಅಂಕ ಪೂರ್ತಿ ಸಿಗಲು ನಾಲ್ಕರಲ್ಲೂ ಸಿಎಲ್‌ಬಿ 9 ಇರಬೇಕು. ಎಂಟೆಕ್ ಆಗಿ ಇಲ್ಲಿ ಮೂರು ವರ್ಷ ಕೆಲಸ ಮಾಡಿದವರಿಗೆ ಅಲ್ಲಿ ಇನ್ನೂ 50 ಹೋಗುತ್ತದೆ. ಅರ್ಧ ಬ್ಯಾಂಡಿಗೆ 58 ಅಂಕ! ಇನ್ನೊಂದು ಡಿಗ್ರಿಗೆ ದುಡ್ಡು ಸುರಿಯುವ ಮುಂಚೆ ಪರೀಕ್ಷೆಯನ್ನು ಇನ್ನೊಮ್ಮೆ ಬರೆಯಿರಿ.

ಇಷ್ಟಾದ ಮೇಲೆ ಕೆನಡಾ ಸರ್ಕಾರದ ಎಕ್ಸ್‌ಪ್ರೆಸ್ ಎಂಟ್ರಿ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಪ್ರೊಫೈಲ್ ಹಾಕಿ. ಅದು 12 ತಿಂಗಳು ಇರುತ್ತದೆ. ಡ್ರಾ, ಅಂದರೆ ಆಯ್ಕೆ ಸುತ್ತು, ನಡೆದಾಗ ಕಟಾಫ್ ಮೇಲಿದ್ದವರಿಗೆ ಪಿಆರ್ ಅರ್ಜಿ ಹಾಕಲು ಕರೆ ಬರುತ್ತದೆ. ಯಾವುದಾದರೂ ಪ್ರಾಂತ್ಯ ನಾಮನಿರ್ದೇಶನ ಮಾಡಿದರೆ ಒಂದೇ ಏಟಿಗೆ 600 ಅಂಕ. ಫ್ರೆಂಚ್ ಚೆನ್ನಾಗಿ ಬಂದರೆ 50ರವರೆಗೆ ಹೆಚ್ಚುವರಿ. ಜಾಬ್ ಆಫರ್‌ಗೆ ಇದ್ದ ಅಂಕ ಮಾತ್ರ 2025ರ ಮಾರ್ಚ್‌ನಲ್ಲಿ ಹೋಯಿತು. ಅದನ್ನು ತೋರಿಸಿ ದುಡ್ಡು ಕೇಳುವವರಿಂದ ದೂರ ಇರಿ.

ಕರೆ ಬಂದ ಮೇಲೆ 60 ದಿನದೊಳಗೆ ದಾಖಲೆ ಸಲ್ಲಿಸಬೇಕು. ಪೊಲೀಸ್ ಪ್ರಮಾಣಪತ್ರ, ಬ್ಯಾಂಕ್ ಪತ್ರ ಹೇಗೋ ಸಿಗುತ್ತವೆ. ತಲೆನೋವು ಹಳೇ ಕಂಪನಿಯ ಅನುಭವ ಪತ್ರದ್ದು. ಸುಮ್ನೆ ರಿಲೀವಿಂಗ್ ಲೆಟರ್ ಸಾಲದು. ಮಾಡಿದ ಕೆಲಸಗಳು, ವಾರಕ್ಕೆ ಎಷ್ಟು ಗಂಟೆ, ಸಂಬಳ, ಎಲ್ಲ ಲೆಟರ್‌ಹೆಡ್‌ನಲ್ಲೇ ಇರಬೇಕು. ಕೆಲಸ ಬಿಡುವ ದಿನವೇ ಎಚ್‌ಆರ್ ಹತ್ತಿರ ಬರೆಸಿಕೊಂಡು ಬನ್ನಿ.