ಒಂಟಿಗಾಲಿಗೆ ಹ್ಯಾಂಡಲ್: ನಾಲ್ಕನೇ ಫ್ರೇಮಿನಲ್ಲಿ ಕೂತ ಲೆಕ್ಕ

"ಒಂದೇ ಗಾಲಿಗೆ ಹ್ಯಾಂಡಲ್ ಯಾಕಣ್ಣ, ತಿರುಗಿಸೋಕೆ ಮುಂದೆ ಏನಿದೆ?" ಲೇತಿನವರಿಂದ ಹಿಡಿದು ಯೂನಿಸೈಕಲ್, ಅಂದರೆ ಒಂಟಿಗಾಲಿ ಸೈಕಲ್, ಓಡಿಸುವ ಗೆಳೆಯರವರೆಗೆ ಎಲ್ಲರೂ ಕೇಳಿದ್ದು ಇದನ್ನೇ. ಹ್ಯಾಂಡಲ್ ಬೇಕಾಗಿದ್ದು ಎಳೆಯೋಕೆ. ಏರಿನಲ್ಲಿ ಪೆಡಲ್ ಮೇಲೆ ಮೈಭಾರಕ್ಕಿಂತ ಜಾಸ್ತಿ ಬಲ ಬೀಳಬೇಕಾದರೆ ಕೈ ಏನನ್ನಾದರೂ ಹಿಡಿದು ಮೇಲಕ್ಕೆ ಜಗ್ಗಬೇಕು. ಸೀಟಿನ ಮೂತಿಯಲ್ಲಿರುವ ಹಿಡಿಕೆ ಒಂದು ಕೈಗೆ ಸರಿ, ಎರಡು ಕೈಗೆ ಇಕ್ಕಟ್ಟು. ಕೊಕ್ಕೆ ತಕ್ಕಡಿ ಕಟ್ಟಿ ನೋಡಿದಾಗ ಕಡಿದಾದ ಏರಿನಲ್ಲಿ ಎರಡೂ ಕೈ ಸೇರಿ 25ರಿಂದ 30 ಕೆ.ಜಿ. ಜಗ್ಗುತ್ತಿತ್ತು. ಈಗ ಓಡುತ್ತಿರುವ ನಾಲ್ಕನೇ ಫ್ರೇಮು ದೇವರಾಯನದುರ್ಗದ ತಪ್ಪಲಿನ ಬಂಡಿಜಾಡು, ಕೆರೆ ಏರಿ, ರಾಗಿ ಹೊಲದ ಬದು ಎಲ್ಲದರ ಮೇಲೂ ಒಂದು ಮಳೆಗಾಲ, ಒಂದು ಬೇಸಿಗೆ ಕಳೆದಿದೆ. ಒಂದು ಬೆಸುಗೆಯೂ ಬಿಟ್ಟಿಲ್ಲ. ಆಗುವುದಿಲ್ಲ ಅಂದವರಲ್ಲಿ ಇಬ್ಬರು ಈಗ ಅಳತೆ ಕೇಳುತ್ತಿದ್ದಾರೆ, ಅದಕ್ಕೇ ಬರೆದಿಡುತ್ತಿದ್ದೇನೆ.

ಗಾಲಿ 26 ಇಂಚು, ಟೈರು 2.4, ಐಸಿಸ್ ಹಬ್ಬು (ಕ್ರ್ಯಾಂಕು ಕೂರುವ ಅಚ್ಚಿಗೆ ಹಲ್ಲುಗಳಿರುವ ನಮೂನೆ), ಬೇರಿಂಗ್ ನಡುವಿನಿಂದ ನಡುವಿಗೆ 100 ಮಿ.ಮೀ., ಕ್ರ್ಯಾಂಕು 150. ಮುಂದಿನ ಅಳತೆಗಳೆಲ್ಲ ಇದಕ್ಕೆ ಹೊಂದಿದವು.

ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ: ಸೀಟಿನ ಮುಂದಿನ ಹಿಡಿಕೆ ಬಿಚ್ಚಿ, ಅದೇ ಬೋಲ್ಟಿಗೆ ಪಟ್ಟಿ ಕೂರಿಸಿ, ಪಟ್ಟಿಗೆ ಹ್ಯಾಂಡಲ್. ಸೀಟಿನ ಪ್ಲಾಸ್ಟಿಕ್ ತಳ ಎರಡೇ ವಾರಕ್ಕೆ ಬೋಲ್ಟಿನ ಸುತ್ತ ಬಿರಿಯಿತು. ಸೀಟು ಇರುವುದು ಭಾರ ಹೊರಲು. ಮುಂದಕ್ಕೆ ಒಂದಡಿ ದೂರದಿಂದ ಮೇಲಕ್ಕೆ ಎಳೆದರೆ ಆ ತಳ ತಡೆಯುವುದಿಲ್ಲ. ಎರಡನೆಯದು, ಸೀಟ್ ಪೋಸ್ಟಿಗೇ ಸಾಮಾನ್ಯ ಸೈಕಲ್ಲಿನ ಸ್ಟೆಮ್ (ಹ್ಯಾಂಡಲ್ ಹಿಡಿಯುವ ತುಂಡು) ಬಿಗಿದದ್ದು. ಸ್ಟೆಮ್ಮಿನ ಬಾಯಿ 28.6, ಪೋಸ್ಟು 27.2. ನಡುವೆ ತಗಡು ಸುತ್ತಿದೆ. ಹೊಸದರಲ್ಲಿ ಚೆನ್ನಾಗಿಯೇ ಇತ್ತು. ಆಮೇಲೆ ಒಂದು ಕೈ ಹೆಚ್ಚು ಎಳೆದಾಗಲೆಲ್ಲ ಸ್ಟೆಮ್ ಪೋಸ್ಟಿನ ಮೇಲೆ ತಿರುಗತೊಡಗಿತು. ತಿರುಗಬಾರದೆಂದು ಬಿಗಿ ಮಾಡಿದೆ, ಅಲ್ಯೂಮಿನಿಯಂ ಪೋಸ್ಟು ಅಲ್ಲೇ ನೆಗ್ಗಿತು. ನೆಗ್ಗಿದ ಜಾಗದಲ್ಲೇ ಮುಂದಿನ ವಾರ ಬಾಗಿತು. ಪೋಸ್ಟಿಗೆ ಸುಮಾರು 1,800 ದಂಡ. ಹಾಗಾಗಿ ಹ್ಯಾಂಡಲ್ ಫ್ರೇಮಿನಿಂದಲೇ ಹೊರಡಬೇಕು ಎಂಬ ತೀರ್ಮಾನಕ್ಕೆ ಬಂದೆ.

ಮೂರನೆಯದರಲ್ಲಿ ಸೀಟ್ ಟ್ಯೂಬಿನ ಮುಂಭಾಗಕ್ಕೆ ಒಂದು ಪೈಪು ಬೆಸೆದು ಮುಂದಕ್ಕೆ ಚಾಚಿದೆ. ಎತ್ತಿನ ಗಾಡಿಯ ಮೂಕಿಯ ಹಾಗೆ ಕಾಣುವುದರಿಂದ ನಮ್ಮಲ್ಲಿ ಅದಕ್ಕೆ ಮೂಕಿ ಅಂತಲೇ ಹೆಸರು. ಒಂದಿಂಚು ಹೊರವ್ಯಾಸ, 16 ಗೇಜು, ಉದ್ದ 230 ಮಿ.ಮೀ. ನೋಡಿದವರೆಲ್ಲ ಮೇಲ್ಭಾಗದಲ್ಲಿ ತ್ರಿಕೋನದ ಗಸೆಟ್, ಅಂದರೆ ಮೂಲೆಗೆ ಬಲ ಕೊಡುವ ತಗಡು, ಹಾಕು ಅಂದರು, ಹಾಕಿದೆ. ಸುಮಾರು 200 ಕಿ.ಮೀ. ಓಡಿದ ಮೇಲೆ ಸೀಳು ಬಂತು, ಆದರೆ ಕೆಳಗೆ, ಬೆಸುಗೆಯ ಅಂಚಿಗೆ ಸರಿಯಾಗಿ ಕೂದಲೆಳೆಯಷ್ಟು. ಯೋಚಿಸಿದರೆ ಅದೇ ಸರಿ. ಎರಡು ಗಾಲಿಯ ಸೈಕಲ್ಲಿನಲ್ಲಿ ಹ್ಯಾಂಡಲ್ ಮೇಲೆ ಭಾರ ಬಿಡುತ್ತೇವೆ, ಬೆಸುಗೆಯ ಮೇಲ್ಭಾಗ ಹಿಗ್ಗುತ್ತದೆ. ಇಲ್ಲಿ ಮೇಲಕ್ಕೆ ಜಗ್ಗುತ್ತೇವೆ, ಹಿಗ್ಗುವುದು ಕೆಳಭಾಗ. ಗಸೆಟ್ಟು ತಪ್ಪು ಮಗ್ಗುಲಿಗೆ ಕೂತಿತ್ತು. ಇಳಿಜಾರಿನಲ್ಲಿ ಕೈಯೂರುವಾಗ ಮೇಲ್ಭಾಗವೂ ಹಿಗ್ಗುತ್ತದೆ ನಿಜ, ಆದರೆ ಬಲ ಜಗ್ಗುವಾಗಿನ ಅರ್ಧವೂ ಇರುವುದಿಲ್ಲ.

ನಾಲ್ಕನೆಯದರಲ್ಲಿ ಗಸೆಟ್ಟೇ ಇಲ್ಲ. ಮೂಕಿಯ ನಡುವಿನಿಂದ ಕೆಳಗೆ ಕ್ರೌನಿನವರೆಗೆ (ಟೈರಿನ ಮೇಲೆ ಎರಡು ಕಾಲುಗಳನ್ನು ಸೇರಿಸುವ ಅಡ್ಡ ಪೈಪು) ಮುಕ್ಕಾಲಿಂಚಿನ 18 ಗೇಜು ಪೈಪು, 200 ಮಿ.ಮೀ. ಆಸುಪಾಸು. ಈ ಆಸರೆ ಪೈಪು, ಮೂಕಿ, ಸೀಟ್ ಟ್ಯೂಬು ಮೂರೂ ಸೇರಿ ತ್ರಿಕೋನ ಆಗುತ್ತದೆ. ಬಣ್ಣ ಹೊಡೆಸುವ ಮೊದಲು ಎರಡನ್ನೂ ಪರೀಕ್ಷೆ ಮಾಡಿದೆ: ಫ್ರೇಮನ್ನು ತಲೆಕೆಳಗಾಗಿ ವೈಸಿಗೆ ಕಚ್ಚಿಸಿ, ಹ್ಯಾಂಡಲ್ ಜಾಗಕ್ಕೆ 50 ಕೆ.ಜಿ. ರಾಗಿ ಮೂಟೆ ನೇತು ಹಾಕುವುದು. ಫ್ರೇಮು ತಲೆಕೆಳಗಾಗಿದ್ದರೆ ಮೂಟೆಯ ಭಾರ ಕೈ ಜಗ್ಗಿದ ದಿಕ್ಕಿಗೇ ಬೀಳುತ್ತದೆ. ಆಸರೆ ಇಲ್ಲದ್ದು ಐದಾರು ಮಿ.ಮೀ. ಇಳಿಯಿತು, ಇದ್ದದ್ದು ಎರಡು. ಮೂಕಿ ಸೀಟ್ ಟ್ಯೂಬಿನ ತುದಿಯಿಂದ 60 ಮಿ.ಮೀ. ಕೆಳಗೆ ಕೂರಬೇಕು. ಅದಕ್ಕಿಂತ ಮೇಲೆ ಹೋದರೆ ಬೆಸುಗೆಯ ಕಾವಿಗೆ ಸೀಟ್ ಪೋಸ್ಟ್ ಹೋಗುವ ಬಾಯಿ ಮೊಟ್ಟೆಯಾಗುತ್ತದೆ. ಮೂಕಿಯ ಕೋನ ಮಾತ್ರ ಇಲ್ಲಿ ಬರೆಯುವುದಿಲ್ಲ. ಮೊಣಕಾಲಿಗೂ ಹ್ಯಾಂಡಲಿಗೂ ನಡುವೆ ಜಾಗ ಬಿಡಿಸುವುದೇ ಆ ಕೋನ, ಕಷ್ಟಪಟ್ಟು ಕಂಡುಕೊಂಡದ್ದು.

ಪೈಪು ಬೆಂಗಳೂರಿನ ಪೀಣ್ಯದಿಂದ ತಂದದ್ದು. ತುಮಕೂರಿನಲ್ಲಿ ಗೇಟು ಗ್ರಿಲ್ಲಿನ ಪೈಪು ಬೇಕಾದಷ್ಟಿದೆ, ಆದರೆ ಒಳಗಡೆ ಬೆಸುಗೆಯ ಏಣು ಇರುತ್ತದೆ, ಸೀಟ್ ಪೋಸ್ಟ್ ಇಳಿಯುವುದಿಲ್ಲ. ಸೀಟ್ ಟ್ಯೂಬಿಗೆ ಸಿಡಿಡಬ್ಲ್ಯೂ (ಬೆಸೆದ ಮೇಲೆ ತಣ್ಣಗೆ ಎಳೆದ) ಪೈಪೇ ಆಗಬೇಕು, ಒಳಮೈ ನುಣುಪು. ಒಂದೂಕಾಲು ಇಂಚು, ಅಂದರೆ 31.75 ಹೊರವ್ಯಾಸ, 2 ಮಿ.ಮೀ. ಗೋಡೆ. ಒಳವ್ಯಾಸ 27.7 ಬರುತ್ತದೆ, 27.2 ಪೋಸ್ಟಿಗೆ ಅರ್ಧ ಮಿ.ಮೀ. ಸಡಿಲ. ಕೂಲ್‌ಡ್ರಿಂಕ್ ಡಬ್ಬಿಯ ತಗಡು ಎರಡು ಸುತ್ತು ಹಾಕಿ, ಗ್ರೀಸ್ ಸವರಿ ಇಳಿಸಿದರೆ ಕಿರ್ ಅನ್ನುವುದೂ ನಿಂತಿತು. ಕ್ರೌನಿಗೂ ಇದೇ ಪೈಪು, ಅಡ್ಡಲಾಗಿ 120 ಮಿ.ಮೀ. ಇನ್ನೂ ಉದ್ದ ಬಿಟ್ಟರೆ ಮೊಣಕಾಲಿನ ಒಳಮಗ್ಗುಲು ತರಚುತ್ತದೆ. ಗಾಲಿಯ ಎರಡೂ ಪಕ್ಕ ಇಳಿಯುವ ಕಾಲುಗಳಿಗೆ 22.2 ಹೊರವ್ಯಾಸ, 2 ಮಿ.ಮೀ. ಗೋಡೆ, ಉದ್ದ 330.

ಈ 330 ಬಂದದ್ದು ಟೈರನ್ನು ಗಾಳಿ ತುಂಬಿಸಿ ಅಳೆದ ಮೇಲೆ. ಟೈರಿನ ಮೇಲೆ ಬರೆದ ಅಂಕಿ ನಂಬಬೇಡಿ, ರಿಮ್ಮು ಅಗಲ ಇದ್ದಷ್ಟೂ ಟೈರು ಉಬ್ಬುತ್ತದೆ. ನನ್ನದು ಅಚ್ಚಿನಿಂದ ಟೈರಿನ ನೆತ್ತಿಗೆ 342. ಕೆಸರಿಗೆ 15 ಬಿಟ್ಟೆ. ಮೊದಲ ಫ್ರೇಮಿನಲ್ಲಿ 6 ಬಿಟ್ಟಿದ್ದೆ. ಉತ್ತ ಹೊಲದ ಕೆಮ್ಮಣ್ಣು ಒಂದು ಮಳೆಗೆ ಕ್ರೌನಿನ ಕೆಳಗೆ ಮೆತ್ತಿ ಗಾಲಿಯೇ ನಿಂತಿತು.

ದುಡ್ಡು ಹೆಚ್ಚು ತಿಂದದ್ದು ಕಾಲಿನ ತುದಿಗೆ ಬೇರಿಂಗನ್ನು ಹಿಡಿಯುವ ಬೇರಿಂಗ್ ಹೋಲ್ಡರು. ಹಳೇ ಚೌಕ ಅಚ್ಚಿನ ಹಬ್ಬಾದರೆ 6203 ಬೇರಿಂಗು, ಹೊರವ್ಯಾಸ 40, ಎಲ್ಲ ಅಂಗಡಿಯಲ್ಲೂ ಇದೆ. ಐಸಿಸ್ ಹಬ್ಬಿನದು ಹೊರಗೆ 42, ಒಳಗೆ 22. ಅಂಗಡಿಯವರು 6004 ಕೊಡುತ್ತಾರೆ. ಅದು ಹೊರಗೆ ಸರಿಯಾಗಿ 42, ಒಳಗೆ 20, ಅಚ್ಚಿಗೆ ಹೋಗುವುದೇ ಇಲ್ಲ. ಒಂದು ಜೊತೆ ಹಾಗೆ ತಂದು ಇನ್ನೂ ಡಬ್ಬಿಯಲ್ಲಿದೆ.

ಹೋಲ್ಡರಿಗೆ 14 ಮಿ.ಮೀ. ದಪ್ಪದ ತುಂಡು, 70 ಅಗಲ, 56 ಎತ್ತರ, ಎರಡು ಎಂ6 ಬೋಲ್ಟು. ಮೊದಲ ಸಲ ಲೇತಿನಲ್ಲಿ 42ಕ್ಕೆ ತೂತು ತೆಗೆಸಿ ಆಮೇಲೆ ಹ್ಯಾಕ್ಸಾದಲ್ಲಿ ಅಡ್ಡ ಸೀಳಿದ್ದು. ಬ್ಲೇಡು ಒಂದೂವರೆ ಮಿ.ಮೀ. ತಿಂದಿತು. ಮುಚ್ಚಿ ಬಿಗಿದರೆ ತೂತು ಅಡ್ಡಕ್ಕೆ 42, ಉದ್ದಕ್ಕೆ ನಲವತ್ತೂವರೆ. ಬೇರಿಂಗು ಮೇಲೆ ಕೆಳಗೆ ಹಿಸುಕಿಕೊಂಡು ಗಾಲಿ ಬಿಗಿಯಾಯಿತು. ಬೇರಿಂಗೇ ಕೆಟ್ಟಿದೆ ಅಂದುಕೊಂಡು ಹೊಸ ಜೊತೆ ತರಿಸಿದೆ, ಅದೂ 40 ಕಿ.ಮೀ.ಗೆ ಗೊರಗೊರ. ಸರಿಯಾದ ಕ್ರಮ ತಿರುಗಾಮುರುಗಾ: ಮೊದಲು ಸೀಳಬೇಕು, ಸೀಳಿದ ಮುಖ ನುಣುಪು ಮಾಡಬೇಕು, ಬೋಲ್ಟಿಗೆ ತೂತು ಹಾಕಿ, ನಡುವೆ ಅರ್ಧ ಮಿ.ಮೀ. ತಗಡಿಟ್ಟು ಬಿಗಿದು, ಆಮೇಲೆ 42ಕ್ಕೆ ಕೊರೆಯಬೇಕು. ಜೋಡಿಸುವಾಗ ತಗಡು ತೆಗೆದರೆ ಆ ಅರ್ಧ ಮಿ.ಮೀ. ಸಂದೇ ಹಿಡಿತ ಕೊಡುತ್ತದೆ. ಬೋಲ್ಟು ಕೈಯಲ್ಲಿ ಬಿಗಿದು ಮೇಲೆ ಕಾಲು ಸುತ್ತು, ಅಷ್ಟೇ. ಸಂದು ಪೂರ್ತಿ ಮುಚ್ಚುವವರೆಗೆ ಬಿಗಿದರೆ ಮತ್ತೆ ಗೊರಗೊರ.

ಬೆಸುಗೆಗೆ ಮೊದಲು ಆರ್ಕ್ ವೆಲ್ಡಿಂಗ್, 6013 ರಾಡು. ಎರಡು ಕಡೆ ಪೈಪು ತೂತು ಬಿತ್ತು, ಕಾಲುಗಳು 3 ಮಿ.ಮೀ. ಒಳಕ್ಕೆ ಎಳೆದುಕೊಂಡವು. ಎರಡನೆಯದನ್ನು ಗ್ಯಾಸಿನಲ್ಲಿ ಹಿತ್ತಾಳೆ ರಾಡಿನಿಂದ ಕೂರಿಸಿದ್ದು, ಅದು ಚೆನ್ನಾಗಿಯೇ ಹಿಡಿದಿತ್ತು. ನುರಿತ ಕೈ ಸಿಕ್ಕರೆ ಇಂದಿಗೂ ಅದನ್ನೇ ಮಾಡಿಸಬಹುದು, ಆದರೆ ಆ ಕೈಗಳು ಈಗ ಊರಲ್ಲಿ ಎಣಿಸಿದಷ್ಟು. ಮೂರು ಮತ್ತು ನಾಲ್ಕು ಆರ್ಗಾನ್ ವೆಲ್ಡಿಂಗ್. ಯಾವುದೇ ಆಗಲಿ, ಡಮ್ಮಿ ಅಚ್ಚು ಇಲ್ಲದೆ ಟ್ಯಾಕ್ (ಚುಕ್ಕೆ ಬೆಸುಗೆ) ಕೂಡ ಹಾಕಬೇಡಿ. 22ರ ಬ್ರೈಟ್ ಬಾರಿಗೆ ಆ ಹಾಳಾದ ಬೇರಿಂಗ್ ಜೊತೆಯನ್ನೇ 100 ಅಂತರದಲ್ಲಿ ಕೂರಿಸಿ, ಹೋಲ್ಡರು ಅದಕ್ಕೆ ಬಿಗಿದು, ಎಡ ಬಲ ಬದಲಿಸುತ್ತಾ ಟ್ಯಾಕ್ ಹಾಕಬೇಕು. ಪೂರ್ತಿ ತಣ್ಣಗಾಗದೆ ಅಚ್ಚು ಬಿಚ್ಚಬಾರದು. ನೀರು ಸುರಿದು ತಣಿಸುವ ಆತುರವೂ ಬೇಡ. ಒಂದು ಹೋಲ್ಡರು ಇನ್ನೊಂದಕ್ಕಿಂತ 1 ಮಿ.ಮೀ. ಮೇಲಿದ್ದರೆ 100 ಅಂತರಕ್ಕೆ ಟೈರಿನ ನೆತ್ತಿ ಮೂರೂವರೆ ಮಿ.ಮೀ. ಪಕ್ಕಕ್ಕೆ ಹೋಗುತ್ತದೆ, ನೇರ ಓಡುವ ಗಾಲಿ ಸದಾ ಒಂದು ಕಡೆ ಎಳೆಯುತ್ತದೆ. ತಣ್ಣಗಾದ ಮೇಲೆ ಉಳಿಯುವ ಕಾಲು ಅರ್ಧ ಮಿ.ಮೀ. ಸರಿಪಡಿಸಲು ನನ್ನದೊಂದು ಉಪಾಯ ಇದೆ. ಅಂಗಡಿಗೆ ಬಂದರೆ ತೋರಿಸುತ್ತೇನೆ, ಬರೆಯುವುದಿಲ್ಲ.

ಹ್ಯಾಂಡಲ್ ಬಿಗಿಯುವ ಭಾಗ ಸುಲಭ. ಮೂಕಿಯ ತುದಿಗೆ 28.6ರ ಪೈಪು 45 ಮಿ.ಮೀ. ನೆಟ್ಟಗೆ ಬೆಸೆದರೆ 28.6 ಬಾಯಿಯ ಯಾವ ಗೇರ್ ಸೈಕಲ್ಲಿನ ಸ್ಟೆಮ್ಮಾದರೂ ಕೂರುತ್ತದೆ. ಗುಜರಿಯಲ್ಲಿ ಸಿಕ್ಕ 680ರ ಹ್ಯಾಂಡಲನ್ನು ಮೊದಲು 520ಕ್ಕೆ, ಆಮೇಲೆ 440ಕ್ಕೆ ಕತ್ತರಿಸಿದೆ. ಸೀಟಿನ ಮೂತಿಯಿಂದ 180 ಮುಂದೆ, ಸೀಟಿಗಿಂತ ಎರಡು ಬೆರಳು ಮೇಲೆ.

ಅನುಮಾನ ಪಟ್ಟವರ ಒಂದು ಮಾತು ಸರಿಯೇ ಇತ್ತು: ಬೀಳುವಾಗ. ಸಾದಾ ಒಂಟಿಗಾಲಿಯಲ್ಲಿ ಎಡವಿದರೆ ಮುಂದಕ್ಕೆ ಹೆಜ್ಜೆ ಹಾಕಿ ಇಳಿಯುತ್ತೇವೆ. ಮುಂದೆ ಹ್ಯಾಂಡಲ್ ಇದ್ದರೆ ತೊಡೆಯೋ ಹೊಟ್ಟೆಯೋ ಅದಕ್ಕೇ ಬಡಿಯುತ್ತದೆ. 440ಕ್ಕೆ ಇಳಿಸಿದ್ದು ಅದಕ್ಕೇ, ಕಾಲು ಪಕ್ಕದಿಂದ ದಾಟುತ್ತದೆ. ಇನ್ನೊಂದು, ಸ್ಟೆಮ್ಮನ್ನು ನೆಟ್ಟ ಪೈಪಿಗೆ ಹಿಡಿಯುವ ಬೋಲ್ಟುಗಳನ್ನು 4 ನ್ಯೂಟನ್ ಮೀಟರಿಗಿಂತ ಹೆಚ್ಚು ಬಿಗಿಯುವುದಿಲ್ಲ. ಎರಡು ಕೈಯಲ್ಲಿ ಮೇಲಕ್ಕೆ ಜಗ್ಗಿದರೆ ತಿರುಚುವ ಬಲ ಕಡಿಮೆ, ಅಲ್ಲಾಡುವುದಿಲ್ಲ. ತೊಡೆ ಒಂದು ಮಗ್ಗುಲಿಗೆ ಬಡಿದರೆ ಹ್ಯಾಂಡಲ್ ಬಾಗಿಲಿನ ಹಾಗೆ ಪಕ್ಕಕ್ಕೆ ಸರಿದು ಬಿಡುತ್ತದೆ. ಎರಡನೇ ಫ್ರೇಮಿನಲ್ಲಿ ರೇಗಿಸಿದ ಅದೇ ತಿರುಗುವಿಕೆ ಇಲ್ಲಿ ಬೇಕಾಗಿ ಬಂತು. ತುದಿಗೆ ಬುಚ್ಚು ಇಲ್ಲದ ಹ್ಯಾಂಡಲ್ ಹಿಡಿದು ಒಂದು ಅಡಿಯೂ ಹೋಗಬೇಡಿ, ಬರಿಯ ಪೈಪಿನ ಬಾಯಿ ತೊಡೆಗೆ ಚುಚ್ಚಿದರೆ ಹೊಲಿಗೆ ಖಚಿತ.

ಬ್ರೇಕು ವಿ-ಬ್ರೇಕೇ, ಎರಡು ತೋಳು ರಿಮ್ಮನ್ನು ಅಮುಕುವಂಥದ್ದು. ತೋಳು ಕೂರುವ ಗೂಟಗಳನ್ನು ನೇರವಾಗಿ ಕಾಲಿನ ಮೇಲೆ ಬೆಸೆದೆ, ಅಂತರ 100 ಬಂತು. ಅದು 80ರ ಹತ್ತಿರ ಇರಬೇಕು. ತೋಳು ಒಳಕ್ಕೆ ವಾಲಿ, ಹಿಡಿದರೆ ಸ್ಪಂಜು ಹಿಂಡಿದ ಹಾಗೆ. ಎರಡೂ ಕಡೆ 10 ಮಿ.ಮೀ. ತುಂಡು ಒಳಗೆ ಬೆಸೆದು ಗೂಟ ಅದರ ಮೇಲೆ ಕೂರಿಸಿದ ಮೇಲೆ ಸರಿಹೋಯಿತು. ಈ ಬ್ರೇಕು ನಿಲ್ಲಿಸೋಕಲ್ಲ, ಇಳಿಜಾರಿನಲ್ಲಿ ಕಾಲಿಗೆ ಬಿಡುವು ಕೊಡೋಕೆ. ಒಮ್ಮೆಲೇ ಹಿಡಿದರೆ ಸವಾರ ಮುಂದೆ, ಗಾಲಿ ಹಿಂದೆ.

ಹ್ಯಾಂಡಲ್ ಬದಲು ಎರಡು ಕೊಂಬು ಹಾಕಿ ನೋಡಿದ್ದುಂಟು, ಏರಿಗೆ ಹಿಡಿತ ಇನ್ನೂ ಚೆನ್ನ, ಬಿದ್ದಾಗ ಭಯಂಕರ. ಅಲ್ಯೂಮಿನಿಯಂ ಮೂಕಿಯ ಆಸೆಯೂ ಇತ್ತು. 6061 ನಮೂನೆಯ ಅಲ್ಯೂಮಿನಿಯಂ ಬೆಸೆದ ಜಾಗದಲ್ಲಿ ಮೆತ್ತಗಾಗುತ್ತದೆ, ಮತ್ತೆ ಒಲೆಗೆ ಹಾಕಿ ಹದ ಮಾಡಿಸುವವರು ಒಂದು ತುಂಡಿಗೆ ಕೈ ಹಾಕುವುದಿಲ್ಲ, ಬಿಟ್ಟೆ. ಜಿಐ (ಸತು ಲೇಪಿಸಿದ) ಪೈಪಿನಲ್ಲಿ ಆಸರೆ ಮಾಡಿದ್ದು ಶುದ್ಧ ತಪ್ಪು. ಸತುವಿನ ಹೊಗೆ ಗಂಟಲು ಕೆಡಿಸಿತು, ಬೆಸುಗೆಯೂ ಜೇನುಗೂಡಿನ ಹಾಗೆ ತೂತು ತೂತು. ಜಾಲಿ ಮುಳ್ಳಿಗೆ ಮಾತ್ರ ಅಗ್ಗದ ಮದ್ದು ಸಿಕ್ಕಿತು: ಹಳೇ ಟ್ಯೂಬನ್ನು ಉದ್ದಕ್ಕೆ ಸೀಳಿ ಒಳಗೆ ಹಾಸುವುದು. ಗಾಳಿ 20-22 ಪಿಎಸ್‌ಐ.

ಲೆಕ್ಕ ಜ್ಞಾಪಕದಿಂದ: ಪೈಪು 700, ಹೋಲ್ಡರು ಕಬ್ಬಿಣ ಲೇತು ಸೇರಿ 1,400, ಆರ್ಗಾನ್ 900, ಪೌಡರ್ ಕೋಟಿಂಗ್ 400, ಹಳೇ ಸ್ಟೆಮ್ಮು ಹ್ಯಾಂಡಲ್ 600. ನಾಲ್ಕು ಸಾವಿರಕ್ಕೆ ಫ್ರೇಮು, ತೂಕ 2 ಕೆ.ಜಿ. ಆಸುಪಾಸು. ಹಾಳಾದ ಮೂರಕ್ಕೆ ಪೋಸ್ಟು, ಬೇರಿಂಗು ಸೇರಿ ಹದಿನಾಲ್ಕು ಸಾವಿರದ ಮೇಲೆ. ಹಬ್ಬು ಕ್ರ್ಯಾಂಕಿನ ಲೆಕ್ಕ ಬೇರೆ, ಅದು ಹೊರದೇಶದಿಂದ ಬರಬೇಕು, ಸುಂಕ ಸೇರಿದರೆ ಫ್ರೇಮಿನ ನಾಲ್ಕರಷ್ಟು. ಕೋಟಿಂಗ್ ಮಾಡುವವರಿಗೆ ಹೋಲ್ಡರಿನ ಒಳಮೈಗೆ ಟೇಪ್ ಅಂಟಿಸಲು ಎರಡೆರಡು ಸಲ ಹೇಳಿ, ಬಣ್ಣದ ಪದರವೇ ಬೇರಿಂಗನ್ನು ಹಿಸುಕುವಷ್ಟು ದಪ್ಪ ಇರುತ್ತದೆ.

ಹೊಸದು ಜೋಡಿಸಿ 20 ಕಿ.ಮೀ. ಆದ ಮೇಲೆ ಹೋಲ್ಡರಿನ ಬೋಲ್ಟು, ಸ್ಟೆಮ್ಮು ನೋಡಬೇಕು. ಆಮೇಲೆ ತಿಂಗಳಿಗೊಮ್ಮೆ ಮೂಕಿಯ ಅಡಿ ಮಗ್ಗುಲನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಬಿಸಿಲಿಗೆ ಹಿಡಿಯಿರಿ. ಬಣ್ಣದ ಮೇಲೆ ಬೆಸುಗೆಯ ಅಂಚಿಗೆ ಕಂದು ಗೆರೆ ಕಂಡರೆ ಅದು ಕೆಸರಲ್ಲ, ಸೀಳಿನೊಳಗಿನಿಂದ ಬಂದ ತುಕ್ಕು. ಮೂರನೆಯದರಲ್ಲಿ ಅದನ್ನು ಕೆಮ್ಮಣ್ಣು ಅಂದುಕೊಂಡು ಒಂದು ವಾರ ಓಡಿಸಿದ್ದೆ.