ನಾಟಿ ಬದನೆ ಬೀಜಕ್ಕೆ ಬಿಡೋದು, ಎತ್ತಿಡೋದು ಹೇಗೆ

ಸುಮಾರು ಜನ ಮಾಡೋ ತಪ್ಪು ಏನಂದ್ರೆ ಚೆನ್ನಾಗಿರೋ ಕಾಯೆಲ್ಲ ಎಣಗಾಯಿಗೆ ಕಿತ್ಕೊಂಡು, ಗಿಡ ಸೊರಗಿದ್ಮೇಲೆ ಕೊನೇಲಿ ಉಳಿದ ಹುಳುಕು ಕಾಯಿನ ಬೀಜಕ್ಕೆ ಬಿಡೋದು. ಹಂಗೆ ನಾಲ್ಕೈದು ವರ್ಷ ಮಾಡಿದ್ರೆ ತಳಿ ಕೆಡದೆ ಇನ್ನೇನಾಗುತ್ತೆ? ಬೀಜದ ಕಾಯಿನ ಮೊದ್ಲೇ ಆರಿಸ್ಬೇಕು. ರೋಗ ಇಲ್ದೆ, ಕಾಯಿಕೊರಕ ಹುಳ ಕಮ್ಮಿ ಬಿದ್ದಿರೋ ಐದಾರು ಗಿಡ ನೋಡಿಟ್ಕೊಂಡು, ಎರಡನೇ ಮೂರನೇ ಕೊಯ್ಲಲ್ಲಿ ಬರೋ ಒಳ್ಳೇ ಕಾಯಿಗೆ ಬಣ್ಣದ ದಾರ ಕಟ್ಬಿಡಿ, ಮನೇಲಿ ಎಲ್ರಿಗೂ ಹೇಳ್ಬಿಡಿ, ಇಲ್ಲಾಂದ್ರೆ ಯಾರಾದ್ರೂ ಸಾಂಬಾರಿಗೆ ಕಿತ್ತಾಕ್ತಾರೆ. ಹೈಬ್ರಿಡ್ ಗಿಡದಿಂದ ಎತ್ತಿಡ್ಬೇಡಿ, ಮುಂದಿನ ಬೆಳೆ ಒಂದೊಂದು ಗಿಡ ಒಂದೊಂದು ಥರ ಬರುತ್ತೆ.

ಬದನೆ ಹೂವಿಗೆ ತನ್ನ ಪರಾಗಾನೇ ಸಾಕು, ಆದ್ರೂ ಜೇನು ದುಂಬಿ ಬಂದು ಬೇರೆ ತಳಿದು ಬೆರೆಸ್ತವೆ. ಪಕ್ಕದಲ್ಲೇ ಇನ್ನೊಂದು ಬದನೆ ಇದ್ರೆ ಮೊಗ್ಗು ಅರಳೋ ಮುಂಚೇನೇ ತೆಳು ಬಟ್ಟೆ ಚೀಲ ಕಟ್ಟಿ, ಹೂ ಬಿಟ್ಟಾಗ ದಿನಾ ಬೆಳಿಗ್ಗೆ ಮೆಲ್ಲಗೆ ಅಲ್ಲಾಡ್ಸಿ, ಕಾಯಿ ಕಚ್ಚಿದ್ಮೇಲೆ ಬಿಚ್ಚಿ. ಉಡುಪಿ ಹತ್ರದ ಮಟ್ಟುಗುಳ್ಳ ಅನ್ನೋ ಬದನೆ ತಳಿಗೆ 2011ರಲ್ಲಿ ಜಿಐ ಟ್ಯಾಗ್ (ಇದು ಆ ಊರಿನದೇ ಬೆಳೆ ಅನ್ನೋ ಸರ್ಕಾರಿ ಗುರುತು) ಸಿಕ್ತು, ಆದ್ರೆ ಬರೀ ಟ್ಯಾಗ್ ಇದ್ದ ಮಾತ್ರಕ್ಕೆ ತಳಿ ಉಳಿಯಲ್ಲ, ವರ್ಷ ವರ್ಷ ಬೆರಕೆ ಆಗ್ದಂಗೆ ಬೀಜ ಎತ್ತಿಡೋರು ಇದ್ರೇನೇ ಉಳಿಯೋದು.

ಕಾಯಿ ಗಿಡದಲ್ಲೇ ಹಣ್ಣಾಗ್ಬೇಕು. ಹಸಿರು, ನೇರಳೆ ಬಣ್ಣ ಹೋಗಿ ಪೂರ್ತಿ ಹಳದಿ ತಿರುಗ್ಬೇಕು, ತಿನ್ನೋ ಹದದ ಕಾಯೊಳಗಿನ ಬೀಜ ಹುಟ್ಟಲ್ಲ. ಕಿತ್ತಾದ್ಮೇಲೂ ಒಂದು ವಾರ ನೆರಳಲ್ಲಿಡಿ. ಆಮೇಲೆ ಸೀಳಿ, ನೀರಿಗೆ ಹಾಕಿ ಚೆನ್ನಾಗಿ ಕಿವುಚಿ, ತಿರುಳು ಜೊಳ್ಳು ಮೇಲೆ ತೇಲುತ್ತೆ, ಅದನ್ನ ಬಸಿದು ತಳಕ್ಕೆ ಕೂತಿರೋ ಗಟ್ಟಿ ಬೀಜ ತಗೊಳ್ಳಿ. ಐದಾರು ಗಿಡದ್ದೂ ಒಟ್ಟಿಗೆ ಬೆರೆಸಿ, ಒಂದೇ ಗಿಡದ್ದು ಇಟ್ಕೊಂಡ್ರೆ ತಳಿ ಬಡವಾಗುತ್ತೆ. ಟೊಮ್ಯಾಟೊ ಆದ್ರೆ ಬೀಜದ ಸುತ್ತ ಲೋಳೆ ಇರುತ್ತಲ್ಲ, ಅದು ಹೋಗೋಕೆ ರಸದ ಸಮೇತ ಎರಡು ಮೂರು ದಿನ ಹುಳಿ ಬರಿಸಿ ತೊಳೀಬೇಕು, ಬದನೆಗೆ ಅದು ಬೇಡ.

ಬೀಜಕ್ಕೆ ಸೋಸಿದ ಒಲೆ ಬೂದಿ ಕಲೆಸಿ ತಟ್ಟೇಲಿ ಹರಡಿ, ಪೇಪರ್ ಮೇಲೆ ಬೇಡ ಅಂಟ್ಕೊಳ್ಳುತ್ತೆ. ನೆರಳಲ್ಲೇ ಒಂದು ವಾರ ಒಣಗ್ಲಿ, ಸುಡು ಬಿಸಿಲಿಗೆ ಇಟ್ರೆ ಮೊಳಕೆ ಶಕ್ತಿ ಹೋಗುತ್ತೆ. ಆಮೇಲೆ ಗಾಜಿನ ಬಾಟ್ಲಿಗೆ ಹಾಕಿ, ಜೊತೆಗೆ ಹುರಿದು ಆರಿಸಿದ ಅಕ್ಕಿ ಒಂದು ಹಿಡಿ ಬಟ್ಟೇಲಿ ಗಂಟು ಕಟ್ಟಿ ಹಾಕಿ, ತೇವ ಅದು ಎಳ್ಕೊಳ್ಳುತ್ತೆ. ತಳಿ ಹೆಸ್ರು, ವರ್ಷ ಬರೆದು ಅಂಟಿಸಿ ತಣ್ಣಗಿರೋ ಕಡೆ ಇಡಿ.

ಬಿತ್ತೋ ಮುಂಚೆ ಹತ್ತು ಬೀಜ ಒದ್ದೆ ಬಟ್ಟೇಲಿ ಸುತ್ತಿಡಿ, ಹತ್ತು ದಿನದಲ್ಲಿ ಏಳೆಂಟು ಮೊಳೆತ್ರೆ ಚಿಂತೆ ಇಲ್ಲ, ನಾಲ್ಕಕ್ಕಿಂತ ಕಮ್ಮಿ ಆದ್ರೆ ಇರೋದೆಲ್ಲ ಈ ವರ್ಷಾನೇ ಹಾಕಿ ಹೊಸ ಬೀಜ ಮಾಡ್ಕೊಳ್ಳಿ. ಮತ್ತೆ ಅರ್ಧ ಬೀಜ ಪರಿಚಯದವ್ರ ಹತ್ರ ಕೊಟ್ಟಿರಿ. ಒಂದ್ ವರ್ಷ ನಮ್ಮನೇದು ಪೂರ್ತಿ ಬೂಷ್ಟು ಹಿಡೀತು, ಅಕ್ಕನ ಮನೇಲಿ ಒಂದು ಪೊಟ್ಣ ಇತ್ತು, ಈಗ ಹಿತ್ಲಲ್ಲಿರೋದು ಅದೇ ಗಿಡ.